ರೂತಾಯಿಯ ನಡುಬಾಗಿಲು

ರೂತಾಯಿ ಊರ ಮಂದಿಯನ್ನು ಗುರುತಿಸುತ್ತಿದ್ದುದು ಅವರು ಹುಟ್ಟಿದ ರೀತಿಯಿಂದ. ಹೆಸರು, ಹುದ್ದೆ, ಮನೆತನ ಎಲ್ಲ ಆಮೇಲೆ. ಒಮ್ಮೆ ಅಥಣಿಯ ಒಂದು ಸಮಾರಂಭದಲ್ಲಿ ಪುಢಾರಿಯೊಬ್ಬರು ಮೈಕು ಹಿಡಿದು ಮುಕ್ಕಾಲು ತಾಸಾದರೂ ಬಿಟ್ಟಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ರೂತಾಯಿ ಪಕ್ಕದವರಿಗೆ ಹೇಳಿದಂತೆ ಮಾಡಿ ಎಲ್ಲರಿಗೂ ಹೇಳಿದರು: "ಇಂವಾ ಹುಟ್ಟಿದಾಗ ಅಳಾಕ ತಯಾರ ಇರಲಿಲ್ಲ ನೋಡ್ರಿ. ಕುಂಡಿ ಮ್ಯಾಲ ಎರಡ ಏಟ ಹಾಕಿದ ಮ್ಯಾಲ ಬಾಯಿ ತೆಗದಾ. ಇನ್ನೂ ಮುಚ್ಚಿಲ್ಲ." ಆ ಮನುಷ್ಯ ವೇದಿಕೆಯಿಂದ ಇಳಿದು ಬಂದು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಪಾಪ, ಬೇರೇನು ಮಾಡಿಯಾನು?

ನನಗೆ ಅವರು ಇಟ್ಟ ಹೆಸರು ಉಲ್ಟಾ. ನಾನು ಕಾಲು ಮುಂದಾಗಿ ಹುಟ್ಟಿದವನಂತೆ. ದೀಕ್ಷಾಸ್ನಾನದ ದಾಖಲೆಯಲ್ಲಿ ಸಮುವೇಲ ಎಂದಿದ್ದರೂ, ನನ್ನ ಮೋಟರ್ ರಿವೈಂಡಿಂಗ್ ಅಂಗಡಿಯ ಮುಂದೆ ಹತ್ತು ಮಂದಿ ರೈತರು ಸುಟ್ಟ ಪಂಪು ಹೊತ್ತು ನಿಂತಿದ್ದಾಗಲೇ ಅವರು ರಸ್ತೆಯಾಚೆಯಿಂದ "ಏ ಉಲ್ಟಾ!" ಎಂದು ಕೂಗುತ್ತಿದ್ದರು. ಮೋಟರು ಉಲ್ಟಾ ತಿರುಗುವ ಹಾಗೆ ಕಟ್ಟಿಕೊಡುತ್ತಾನೇನೋ ಎಂದು ಹೊಸ ಗಿರಾಕಿಗಳು ಹೆದರುತ್ತಿದ್ದರು.

ಮಿರಜಿನಲ್ಲಿ ನರ್ಸಿಂಗ್ ಕಲಿತು ಬಂದು, ಅಥಣಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಹೆರಿಗೆ ಮಾಡಿಸಿದವರು ಅವರು. ಮದುವೆಯಾಗಲಿಲ್ಲ. "ಬ್ಯಾರೇರ ಮಕ್ಕಳನ್ನ ಹೊರಗ ತರೂದ್ರಾಗ ಟಾಯಮ್ ಸಿಗಲಿಲ್ಲ" ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಉಳಿದ ಕೆಲಸ ಒಂದೇ, ವರ್ಷಕ್ಕೆ ನಾಲ್ಕು ವಾರ ನಮ್ಮ ಚರ್ಚಿನ ಸಭೆಯ ಪ್ರಾಣ ತಿನ್ನುವುದು.

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ರವಿವಾರಗಳನ್ನು ನಾವು ಆಗಮನ ಕಾಲ ಎನ್ನುತ್ತೇವೆ. ವಾರಕ್ಕೊಂದು ಮೇಣದ ಬತ್ತಿ ಹಚ್ಚಿ, ಬರುವವನಿಗಾಗಿ ಹೃದಯವನ್ನು ಸಿದ್ಧಪಡಿಸಿಕೊಳ್ಳಬೇಕು ಎಂಬುದು ವಾಡಿಕೆ. ನಮ್ಮದು ಇಪ್ಪತ್ತೆಂಟು ಮನೆಯ ಸಣ್ಣ ಸಭೆ. ನಾವು ಹೃದಯದ ಬಾಬತ್ತನ್ನು ಪಾಸ್ಟರರಿಗೆ ಬಿಟ್ಟು, ಉಳಿದ ಸಿದ್ಧತೆಯನ್ನು ಬಹಳ ಶ್ರದ್ಧೆಯಿಂದ ಮಾಡುತ್ತಿದ್ದೆವು. ಗೋಡೆಗೆ ಯಾವ ಬಣ್ಣ ಎಂಬುದರ ಮೇಲೆ ಮೂರು ಮೀಟಿಂಗು. ನಕ್ಷತ್ರ ಹೋದ ವರ್ಷದ್ದಕ್ಕಿಂತ ಎರಡು ಅಡಿ ದೊಡ್ಡದು. ಕಬ್ಬಿನ ಟ್ರ್ಯಾಕ್ಟರುಗಳ ಹಾಡನ್ನೂ ಮೀರಿಸುವಂಥ ಸೌಂಡ್ ಬಾಕ್ಸು. ರೂತಾಯಿ ಅಂಗಳದಲ್ಲಿ ನಿಂತು ನಕ್ಷತ್ರ ನೋಡಿ, "ಚುಕ್ಕಿ ಭಾಳ ಛಂದ ಐತಿ. ಕೂಸಿನ ಬಟ್ಟಿ ಯಾರ ಒಣಗಿಸ್ಯಾರ?" ಎಂದು ಕೇಳಿದರೆ ನಮ್ಮ ಯುವಕ ಸಂಘದವರು ನಕ್ಷತ್ರದ ವೈರು ಸರಿಮಾಡಲು ಏಣಿ ಹತ್ತುತ್ತಿದ್ದರು.

ಒಂದು ವರ್ಷ ಹೊಸದಾಗಿ ಬಂದ ಪಾಸ್ಟರರು ಮೊದಲ ರವಿವಾರವೇ ಕಾಯುವಿಕೆಯ ಬಗ್ಗೆ ಪ್ರಸಂಗ ಮಾಡಿದರು. ಕಾಯುವುದೆಂದರೆ ಕೈಕಟ್ಟಿ, ಮೌನವಾಗಿ, ಶಾಂತರಾಗಿ ಕುಳಿತಿರುವುದು ಎಂದರು. ಎರಡನೇ ಬೆಂಚಿನಿಂದ ರೂತಾಯಿಯ ದನಿ ಬಂತು.

"ಪಾಸ್ಟರ್ ಸಾಹೇಬ್ರ, ನೀವು ಒಂದಾರ ಹೆರಿಗಿ ನೋಡೀರೇನ್ರಿ?"

ಪಾಸ್ಟರರಿಗೆ ಆಗಿನ್ನೂ ಮದುವೆಯೇ ಆಗಿರಲಿಲ್ಲ.

"ಕಾಯೋರು ಕುಂಡ್ರೂದಿಲ್ರಿ. ನೀರ ಕಾಸ್ತಾರ. ಬಟ್ಟಿ ಕುದಸ್ತಾರ. ಉಗುರ ತಕ್ಕೊಂಡ ಮೊಣಕೈ ತನಕಾ ತೊಳ್ಕೋತಾರ. ಜಗಳಾಡೋ ಮಂದೀನ ಹೊರಗ ಹಾಕ್ತಾರ. ಸುಮ್ಕ ಕುಂತವರ ಮನ್ಯಾಗ ಕೂಸು ಉಳಿಯೂದಿಲ್ರಿ. ಹೂಂ, ಮುಂದುವರಸ್ರಿ."

ಮುಂದುವರಿಸುವುದಕ್ಕೆ ಏನು ಉಳಿದಿತ್ತು? ಪಾಸ್ಟರರು ಗೀತೆಯ ನಂಬರು ಹೇಳಿ ಕೂತರು. ಹೆಂಗಸರ ಸಾಲಿನಲ್ಲಿ ಮಾತ್ರ ಎಲ್ಲರೂ ತಲೆಯಾಡಿಸುತ್ತಿದ್ದರು.

ಅವರ ಸಿದ್ಧತೆಯ ಪದ್ಧತಿ ಎಲ್ಲಿಂದ ಬಂದದ್ದು ಎಂಬುದನ್ನು ಹೇಳಬೇಕು. ನಮ್ಮ ಕಡೆ ಹಳ್ಳಿಗಳಲ್ಲಿ ಹೆರಿಗೆ ತಡವಾದರೆ ಮನೆಯ ಬೀಗಗಳನ್ನೆಲ್ಲ ತೆಗೆಯುತ್ತಿದ್ದರು. ಪೆಟ್ಟಿಗೆ, ಕಪಾಟು, ಕಾಳು ತುಂಬಿಡುವ ಹಗೇವಿನ ಬಾಯಿ, ಎಲ್ಲ ತೆರೆದಿಡಬೇಕು, ಗಂಟು ಬಿಚ್ಚಬೇಕು, ಬಾಣಂತಿಯಾಗುವವಳ ಹೆರಳೂ ಬಿಚ್ಚಬೇಕು. ಕೊಕಟನೂರ ಕಡೆ ಒಬ್ಬ ಅಜ್ಜಿ ರೂತಾಯಿಯ ಬ್ಯಾಗಿನ ಚೈನನ್ನೂ ತೆಗೆಸಿದ್ದಳಂತೆ. ಕಲಿತ ನರ್ಸು ಇವರು, ಇಂಥದ್ದನ್ನು ನಂಬುವರೇ? "ಪೆಟಗಿ ತೆಗದ್ರ ಕೂಸು ಬರತೈತೇನು, ಹುಚ್ಚರು" ಎಂದು ನಗುತ್ತಿದ್ದರು. ಆದರೆ ತಡೆಯುತ್ತಿರಲಿಲ್ಲ. ಮನೆಯವರ ಕೈಗೆ ಕೆಲಸ ಸಿಕ್ಕರೆ ಇವರ ಕೆಲಸಕ್ಕೆ ಅಡ್ಡ ಬರುವುದಿಲ್ಲ ಎಂಬ ಲೆಕ್ಕ.

ನಂಬದ ಈ ಪದ್ಧತಿಯನ್ನೇ ಅವರು ಆಗಮನ ಕಾಲಕ್ಕೆ ತಂದು ಜೋಡಿಸಿದ್ದರು. ಆ ನಾಲ್ಕು ವಾರ ಮನೆಮನೆಗೆ ಹೋಗಿ, ಕುರ್ಚಿಯಲ್ಲಿ ಕೂತು, ಕೊಟ್ಟ ಚಹಾವನ್ನು ಮುಂದಿಟ್ಟುಕೊಂಡು ಕೇಳುವರು: "ಹೂಂ, ಎಲ್ಲೆ ಬೀಗ ಹಾಕೀರಿ, ಹೇಳ್ರಿ." ಯಾರ ಜೊತೆ ಮಾತು ಬಿಟ್ಟಿದ್ದೀರಿ ಎಂದು ಇದರ ಅರ್ಥ. ಹೇಳುವವರೆಗೂ ಚಹಾ ಮುಟ್ಟುತ್ತಿರಲಿಲ್ಲ. ಚಹಾ ಆರಿ ಮೇಲೆ ಕೆನೆ ಕಟ್ಟಿದಂತೆಲ್ಲ ಮನೆಯವರ ಜೀವ ಒಳಗೊಳಗೇ ಹಿಂಡುತ್ತಿತ್ತು. ಎಂಥ ಗಟ್ಟಿ ಆಸಾಮಿಯೂ ಆ ಕಪ್ಪಿನ ಮುಂದೆ ಕಾಲು ತಾಸಿಗಿಂತ ಹೆಚ್ಚು ತಾಳಿದ್ದನ್ನು ನಾನು ಕಂಡಿಲ್ಲ. ಪಕ್ಕದ ಜೈನರ ಪದ್ಮಕ್ಕ ಒಮ್ಮೆ, "ಆಯಿ, ನಾವು ನಿಮ್ಮ ಸಭಾದವರಲ್ಲಲ್ರಿ" ಎಂದು ಪಾರಾಗಲು ನೋಡಿದಳು. "ಗೊತ್ತೈತವಾ. ನಿನ್ನ ಮೂರೂ ಮಕ್ಕಳನ್ನ ಹಿಡದಾಗ ನಾ ಜಾತಿ ಕೇಳಿದ್ನೇನು? ನಿನ್ನ ನೆಗೆಣ್ಣಿ ಜೋಡಿ ಯಾಕ ಮಾತಾಡವಲ್ಲಿ, ಅದನ್ನ ಹೇಳು" ಎಂದರು. ಪದ್ಮಕ್ಕ ಹೇಳಿದಳು.

ಡೇವಿಡ ಮತ್ತು ಆಶೀರ್ವಾದ ಎಂಬ ಅಣ್ಣತಮ್ಮಂದಿರ ಪ್ರಕರಣ ನಮ್ಮಲ್ಲಿ ಇಂದಿಗೂ ಪ್ರಸಿದ್ಧ. ಸಾಂತಾ ಕ್ಲಾಸನ ಪೋಷಾಕು ಸಭೆಗೆ ಇದ್ದದ್ದು ಒಂದೇ. ಒಂದು ವರ್ಷ ಅಣ್ಣ ಹಾಕಿಕೊಂಡರೆ ಇನ್ನೊಂದು ವರ್ಷ ತಮ್ಮ. ಗಿಡ್ಡನೆಯ ತಮ್ಮ ತನ್ನ ಸರದಿಯಲ್ಲಿ ಪ್ಯಾಂಟನ್ನು ನಾಲ್ಕು ಬೆರಳು ಕತ್ತರಿಸಿಯೇಬಿಟ್ಟ. ಮರುವರ್ಷ ಉದ್ದನೆಯ ಅಣ್ಣನ ಮೀನಖಂಡ ಹೊರಗೆ. ಅಲ್ಲಿಂದ ಎರಡು ವರ್ಷ ಮಾತಿಲ್ಲ, ಕತೆಯಿಲ್ಲ. ಪ್ರಭುಭೋಜನಕ್ಕೂ ಬೇರೆ ಬೇರೆ ಸಾಲು. ರೂತಾಯಿ ಎರಡೂ ಮನೆಯಲ್ಲಿ ಚಹಾ ಆರಿಸಿ ತೀರ್ಪು ಕೊಟ್ಟರು: "ತಮ್ಮಗ ಪ್ಯಾಂಟ, ಅಣ್ಣಗ ಅಂಗಿ, ಗಡ್ಡ. ಕೈ ಕೈ ಹಿಡಕೊಂಡ ಬರ್ರಿ." ಆ ವರ್ಷ ನಮ್ಮ ಸಭೆಗೆ ಎರಡು ಅರ್ಧರ್ಧ ಸಾಂತಾ ಬಂದರು. ಮಕ್ಕಳಿಗೆ ಅಷ್ಟು ಖುಷಿ ಹಿಂದೆಂದೂ ಆಗಿರಲಿಲ್ಲ.

ಇಷ್ಟೆಲ್ಲ ಬೀಗ ತೆಗೆಸಿದ ರೂತಾಯಿಯ ಸ್ವಂತ ಮನೆಯ ನಟ್ಟನಡುವೆ ಒಂದು ಬೀಗ ಜೋತಾಡುತ್ತಿತ್ತು. ತಂದೆಯ ಕಾಲದ ಮನೆ ಅದು, ಪಾಲಾಗಿತ್ತು. ಮೂಡಣ ಭಾಗದಲ್ಲಿ ಇವರು. ಪಡುವಣ ಭಾಗದಲ್ಲಿ ಇವರ ತಂಗಿ ಮಾರ್ಥಾ ಟೀಚರ್, ಸಾಲಿಯಿಂದ ನಿವೃತ್ತರಾದವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು. ಎರಡರ ನಡುವಿನ ಬಾಗಿಲಿಗೆ ಮುಷ್ಟಿಯಷ್ಟು ದಪ್ಪದ ಹಿತ್ತಾಳೆ ಬೀಗ. ಅಕ್ಕತಂಗಿ ಮಾತಾಡುತ್ತಿರಲಿಲ್ಲ. ಯಾಕೆ ಎಂದು ಹಿರಿಯರಿಗೆ ಗೊತ್ತಿತ್ತೇನೋ, ನಮಗೆ ಯಾರೂ ಹೇಳಿರಲಿಲ್ಲ. ರೂತಾಯಿಗೆ ಚಹಾ ಮುಂದಿಟ್ಟುಕೊಂಡು ಕೇಳುವ ಎದೆಗಾರಿಕೆ ಊರಲ್ಲಿ ಯಾರಿಗಿತ್ತು?

ನನಗೆ ಮಾತ್ರ ಆ ಬೀಗದ ಪರಿಚಯ ಚೆನ್ನಾಗಿತ್ತು. ಅಂಗಡಿ ಹಾಕಿದ ವರ್ಷದಿಂದ, ಆಗಮನ ಕಾಲದ ಮೊದಲ ರವಿವಾರ ಆರಾಧನೆ ಮುಗಿದ ಕೂಡಲೇ, "ಉಲ್ಟಾ, ಎಣ್ಣಿ ಡಬ್ಬಿ ತಗೊಂಡ ಬಾ" ಎಂದು ಕರೆಯುತ್ತಿದ್ದರು. ನಾನು ಬೀಗದ ಕಿಂಡಿಗೆ ನಾಲ್ಕು ಹನಿ ಬಿಟ್ಟು ಒರೆಸುತ್ತಿದ್ದೆ.

"ಕೀಲಿ ಕೊಡ್ರಿ ಆಯಿ, ತಿರುವಿ ನೋಡ್ತೇನಿ."

"ಎಣ್ಣಿ ಹಾಕು ಅಂದೆ. ತಿರುವು ಅಂದ್ನೇನು?"

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದೇ ಸಂಭಾಷಣೆ. ತೆರೆಯದ ಬೀಗಕ್ಕೆ ವರ್ಷವರ್ಷ ಎಣ್ಣೆ! ಅಂಗಡಿಗೆ ಬಂದು ಗೆಳೆಯರ ಮುಂದೆ ಇದನ್ನು ರಸವತ್ತಾಗಿ ಹೇಳಿ ನಗಿಸುತ್ತಿದ್ದೆ. ಊರಿಗೆಲ್ಲ ಬೀಗ ತೆಗೆ ಎನ್ನುವ ಮುದುಕಿಯ ಕತೆ ಎಂದರೆ ಚಹಾದ ಜೊತೆ ಭಜಿಯಿದ್ದಂತೆ.

ಹೋದ ವರ್ಷದ ಮೊದಲ ರವಿವಾರ. ರೂತಾಯಿಗೆ ಎಂಬತ್ತರ ಹತ್ತಿರ. ಮೊಣಕಾಲು ಕೈಕೊಟ್ಟು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಅಷ್ಟೇ ಓಡಾಟ. ನಾನು ಎಣ್ಣೆ ಹಾಕಿ ಒರೆಸಿ ಏಳಬೇಕು, ಅವರು ಕೊರಳಿನ ದಾರದಿಂದ ಕೀಲಿ ಬಿಚ್ಚಿ ಮುಂದೆ ಹಿಡಿದರು.

"ಇವತ್ತ ತಿರುವು."

ಕೀಲಿ ತೂರಿಸಿ ತಿರುವಿದೆ. ಬೀಗ ಬೆಣ್ಣೆಯಂತೆ ಬಿಚ್ಚಿಕೊಂಡಿತು. ಕದ ನಮ್ಮ ಕಡೆಗೆ ಎಳೆದೆ. ಎದುರಿಗೆ, ಬಾಗಿಲ ತುಂಬ, ಒಂದು ಉಕ್ಕಿನ ಕಪಾಟಿನ ಬೆನ್ನು.

ರೂತಾಯಿ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡೋ, ಆಕೀನೂ ತಯಾರಿ ಮಾಡ್ಯಾಳ!"

ನನಗೂ ನಗು ತಡೆಯಲಾಗಲಿಲ್ಲ. "ಅಲ್ರಿ ಆಯಿ, ಇಷ್ಟ ವರ್ಷ ಎದಕ್ಕ ಎಣ್ಣಿ ಹಾಕಿಸಿದ್ರಿ ಮತ್ತ? ಅದೂ ಇದ ವಾರದಾಗ?"

"ಇದ ವಾರದಾಗ ನೀ ಹುಟ್ಟಿದ್ದು, ಅದಕ್ಕ" ಎಂದರು. ಆಮೇಲೆ ನಿಧಾನವಾಗಿ ಹೇಳಿದರು. ನನ್ನ ತಾಯಿಯ ತವರು ಕೃಷ್ಣೆಯ ದಂಡೆಯ ಸತ್ತಿ ಎಂಬ ಹಳ್ಳಿ. ಅಲ್ಲಿ ಅವ್ವನಿಗೆ ಹೆರಿಗೆ ಕಷ್ಟವಾಗಿದೆ ಎಂದು ಬೆಳಿಗ್ಗೆ ಕರೆ ಬಂದಿತ್ತು. ರೂತಾಯಿಯ ತಾಯಿಗೆ ಆಗ ಎದೆನೋವು ಶುರುವಾಗಿತ್ತು. "ಸಂಜಿಕ ಬರ್ತೀನಿ" ಎಂದು ಹೇಳಿ ಹೋದರು. ನಾನು ಕಾಲು ಮುಂದೆ ಮಾಡಿ ದಿನವಿಡೀ ಸತಾಯಿಸಿದೆ. ಅವರು ಹಿಂತಿರುಗುವಷ್ಟರಲ್ಲಿ ಅವರ ತಾಯಿ ಹೋಗಿಬಿಟ್ಟಿದ್ದರು. ಮಾರ್ಥಾ ಬಂದ ಮಂದಿಯ ಮುಂದೆಲ್ಲ, "ಊರವರ ಕೂಸು ಹಿಡಿಯಾಕ ಹೋದಾಕಿಗೆ ಹಡದವ್ವನ ಕೈ ಹಿಡಿಯಾಕ ಆಗಲಿಲ್ಲ" ಎಂದಿದ್ದಳು. ಮಣ್ಣು ಮುಗಿಸಿ ಬಂದು ಇವರು ಬೀಗ ಹಾಕಿದರು.

ನನ್ನ ನಗು ಎಲ್ಲಿ ಹೋಯಿತೋ. ನನ್ನ ವಯಸ್ಸಿನ ಬೀಗ ಅದು. ಅದರ ಮೇಲೆ ನಾನು ಅಷ್ಟು ವರ್ಷ ಅಂಗಡಿಯಲ್ಲಿ ಕೂತು ಜೋಕು ಹೊಡೆದಿದ್ದೆ. ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

"ನಿನ್ನ ತಪ್ಪೇನಿಲ್ಲೋ. ನೀ ಕಾಲ ಮುಂದ ಮಾಡಿದ್ದಿ, ಅಷ್ಟ" ಎಂದು ರೂತಾಯಿ ಕೋಲಿನ ತುದಿಯಿಂದ ಕಪಾಟನ್ನು ಬಡಿದರು. "ಮಾರ್ಥಾ. ಏ ಮಾರ್ಥಾ!"

ಆಚೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಏನು?"

"ಬೀಗ ತೆಗದೇನಿ."

"ಕಪಾಟ ಜಡ ಐತಿ, ಸರಿಯೂದಿಲ್ಲ" ಎಂದಿತು ಆ ದನಿ. ಅಷ್ಟೇ.

ಮುಂದಿನ ಬಾಗಿಲಿನಿಂದ ಸುತ್ತಿ ಬಂದರೆ ಇಪ್ಪತ್ತು ಹೆಜ್ಜೆ. ಮಾರ್ಥಾ ಟೀಚರ್ ಬರಲಿಲ್ಲ. ಅದರ ಬದಲು ಮೂರು ದಿನಕ್ಕೊಂದು ಖಾನೆಯಂತೆ ಕಪಾಟು ಖಾಲಿ ಮಾಡತೊಡಗಿದರು. ಸೀರೆ, ಹಳೇ ಹಾಜರಿ ಪುಸ್ತಕ, ಗಂಡನ ಕೋಟು. ಈಚೆ ರೂತಾಯಿ ಕುರ್ಚಿಯನ್ನು ಬಾಗಿಲ ಹತ್ತಿರ ಹಾಕಿಸಿಕೊಂಡು ಸದ್ದು ಕೇಳುತ್ತ ಕೂತರು. ಕಾಯುವವರು ಕೂರುವುದಿಲ್ಲ ಎಂದು ಪಾಸ್ಟರರ ಬಾಯಿ ಮುಚ್ಚಿಸಿದವರು, ಎರಡು ವಾರ ಸುಮ್ಮನೆ ಕೂತು ಕಾದರು.

ಮೂರನೇ ರವಿವಾರ ಕಪಾಟು ಖಾಲಿಯಾಯಿತು. ಡೇವಿಡ, ಆಶೀರ್ವಾದ, ನಾನು ಸೇರಿ ಸರಿಸಿದೆವು. ಮಾರ್ಥಾ ಟೀಚರ್ ಎರಡು ಕಪ್ಪು ಚಹಾ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ದಾಟಿ ಬಂದು ಒಂದು ಕಪ್ಪನ್ನು ಅಕ್ಕನ ಮುಂದಿಟ್ಟರು. ರೂತಾಯಿ ಮುಟ್ಟಲಿಲ್ಲ. ಅಭ್ಯಾಸಬಲ!

"ಹೂಂ. ಎಲ್ಲೆ ಬೀಗ ಹಾಕೀದಿ, ಹೇಳು."

ಮಾರ್ಥಾ ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಸೆರಗು ಸರಿಸಿ ಹೇಳಿದರು.

"ಅವತ್ತ ನಾ ಅವ್ವಗ ಕೇಳಿದ್ದೆ, ಅಕ್ಕನ್ನ ಕರಿಯಾಕ ಮಂದಿ ಕಳಸ್ಲೇನು ಅಂತ. ಬ್ಯಾಡ ಅಂದ್ಲು. ಅಲ್ಲೆ ಯಾರೋ ಒಬ್ಬಾಕಿ ಒದ್ದಾಡಾಕತ್ತಾಳ, ಕೂಸು ಬರಲಿ, ಆಮ್ಯಾಲ ಆಕಿ ಬರ್ಲಿ ಅಂದ್ಲು. ಅದನ್ನ ನಾ ನಿನಗ ಹೇಳಲೇ ಇಲ್ಲ. ಸಿಟ್ಟಿಗೆ ಹೇಳಲಿಲ್ಲ. ಆಮ್ಯಾಲ ನಾಚಿಕಿಗೆ ಹೇಳಲಿಲ್ಲ."

ನಾವು ಮೂವರು ಗಂಡಸರು ಕಪಾಟಿನ ಪಕ್ಕ ಕಪಾಟಿನಂತೆಯೇ ನಿಂತಿದ್ದೆವು. ರೂತಾಯಿಯ ಕಣ್ಣಿನಿಂದ ನೀರು ಧಾರಾಕಾರ ಇಳಿಯುತ್ತಿತ್ತು. ಒರೆಸಿಕೊಳ್ಳದೆಯೇ ತಂಗಿಯ ಕೈ ಹಿಡಿದರು.

"ಹೆರಿಗಿಗೆ ಇಷ್ಟ ತಡಾ ಮಾಡಬಾರದು, ಹುಚ್ಚಿ" ಎಂದರು. ಆಮೇಲೆ ಆರಿದ ಚಹಾವನ್ನು ಕೆನೆಸಮೇತ ಕುಡಿದರು.

ಆ ಕ್ರಿಸ್ಮಸ್ಸಿಗೆ ಅಕ್ಕತಂಗಿಯರು ಒಂದೇ ಒಲೆಯ ಮೇಲೆ ಕರಚೀಕಾಯಿ ಕರಿದರು. ಹೂರಣಕ್ಕೆ ಗಸಗಸೆ ಹಾಕಬೇಕೋ ಬೇಡವೋ ಎಂದು ಓಣಿಗೆಲ್ಲ ಕೇಳುವಂತೆ ಜಗಳಾಡಿದರು. ಜನವರಿ ಮುಗಿಯುವ ಮೊದಲೇ ರೂತಾಯಿ ತೀರಿಕೊಂಡರು. ಸಿಕ್ಕಿದ್ದು ಐದೋ ಆರೋ ವಾರ. ಕಡಿಮೆಯಾಯಿತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಈ ವರ್ಷ ಮೊದಲ ಬತ್ತಿ ಹಚ್ಚಿದ ರವಿವಾರ ಮಾರ್ಥಾ ಟೀಚರ್ ನನ್ನನ್ನು ಕರೆದರು. "ಸಮುವೇಲ, ಎಣ್ಣಿ ಡಬ್ಬಿ ತಗೊಂಡ ಬಾರಪಾ." ಬೀಗವೇ ಇಲ್ಲವಲ್ಲ ಎಂದೆ. "ಬಿಜಾಗರಿಗೆ ಹಾಕು. ಕದಾ ಕಿರ್ ಅಂತೈತಿ" ಎಂದರು. ಹಾಕಿದೆ. ಆಚೆ ರೂತಾಯಿಯ ಕೋಣೆಯಲ್ಲಿ ಹಾಸಿಗೆ ಸುತ್ತಿಟ್ಟ ಮಂಚ, ಗೋಡೆಗೊರಗಿದ ಕೋಲು, ಖಾಲಿ ಕುರ್ಚಿ. ರೂಢಿಯಂತೆ ಕದ ಮುಂದೆ ಮಾಡಲು ಹೋದೆ.

"ಮುಚ್ಚಬ್ಯಾಡ" ಎಂದರು ಟೀಚರ್. "ಆಕಿ ಬರೂದಿಲ್ಲ ಅಂತ ನನಗ ಗೊತ್ತೈತಿ. ಆದ್ರೂ ತೆಗದ ಇಡು, ಉಲ್ಟಾ."

ಹಿತ್ತಲಿನಿಂದ ಒಂದು ಇಟ್ಟಂಗಿ ತಂದು ಕದಕ್ಕೆ ಆನಿಸಿಟ್ಟು ಬಂದೆ.