ಮೆಟ್ಟಿಲ ಮೇಲಿನ ಮ್ಯಾನೇಜರ್

ನಾನು ಮ್ಯಾನೇಜರ್ ಆದ ಮೊದಲ ದಿನವೇ, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, ನನ್ನನ್ನು ನನ್ನದೇ ಜಿಮ್ಮಿನಿಂದ ಹೊರಗೆ ಹಾಕಿದರು. ಟೈ ಕಟ್ಟಿಕೊಂಡು, ಗಾಜಿನ ಕೋಣೆಯಲ್ಲಿ ಕೂತು, ಕಂಪ್ಯೂಟರ್ ಆನ್ ಮಾಡಿದ್ದೆ, ಅಷ್ಟೆ. ರಿಸೆಪ್ಷನ್ನಿನ ಅಕ್ಕ ಬಾಗಿಲಲ್ಲಿ ಬಂದು ನಿಂತರು. ಕಾರ್ಕಳದ ಕಡೆಯವರು, ಅಲ್ಲಿ ಎಂಟು ವರ್ಷದಿಂದ ಇದ್ದವರು.

"ಹೊರಡಿ ಸರ್. ಲೇಡೀಸ್ ಟೈಮ್ ಆಯ್ತು."

"ನಾನು ಮ್ಯಾನೇಜರ್ ಅಲ್ವಾ ಅಕ್ಕ?"

"ಮ್ಯಾನೇಜರ್ ಹೌದು. ಲೇಡೀಸ್ ಅಲ್ವಲ್ಲ."

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಳೆಯ ಕಟ್ಟಡ, ಕೆಳಗೆ ಮೊಬೈಲ್ ಅಂಗಡಿ, ಮೊದಲ ಮಹಡಿಯಲ್ಲಿ ನಮ್ಮ ಜಿಮ್. ಹತ್ತರಿಂದ ಐದರವರೆಗೆ ಹೆಂಗಸರಿಗೆ ಮಾತ್ರ. ನಾಲ್ಕು ವರ್ಷ ಅಲ್ಲೇ ಸಂಜೆ ಪಾಳಿಯ ಟ್ರೇನರ್ ಆಗಿದ್ದ ನನಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಮ್ಯಾನೇಜರನೂ ಗಂಡಸೇ ಎಂಬುದು ನನ್ನ ಮಂಡೆಗೆ ಹೋಗಿರಲಿಲ್ಲ.

ಜಿಮ್ಮಿನ ಸಾವುಕಾರರಿಗೆ ಫೋನ್ ಮಾಡಿದೆ. ಅವರು ದುಬೈಯ ನೈಫಿನಲ್ಲಿ ಸೂಟ್‌ಕೇಸ್ ಅಂಗಡಿ ಇಟ್ಟಿರುವ, ಮಂಗಳೂರು ಕಡೆಯ ಬ್ಯಾರಿಗಳು. ಜಿಮ್ ಅವರ ಪಾಲಿಗೆ ಇನ್ನೊಂದು ಅಂಗಡಿ. ಟ್ರೆಡ್‌ಮಿಲ್ ಮೇಲೆ ಓಡುವವರನ್ನು ಕಂಡರೆ, "ಇಷ್ಟು ಓಡಿ ಎಲ್ಲಿಗೂ ಮುಟ್ಟುದಿಲ್ವಲ್ಲ ಇವರು" ಎಂದು ಮರುಗುವ ಜನ.

"ಹೊರಗೆ ಕೂತು ಮ್ಯಾನೇಜ್ ಮಾಡು ಮಾರಾಯ. ನಾನು ನೈಫಲ್ಲಿ ಕೂತು ಮಾಡುದಿಲ್ವಾ?" ಎಂದರು.

ನನಗೆ ಮೂರು ತಿಂಗಳು ಪ್ರೊಬೇಷನ್. ಆಮೇಲೆ ಅವರೇ ಬಂದು ನೋಡಿ, ಕಾಯಂ ಮಾಡುವುದೋ ಮತ್ತೆ ಟ್ರೇನರ್ ಟೀಶರ್ಟ್ ಹಾಕಿಸುವುದೋ ಎಂದು ಹೇಳುವವರಿದ್ದರು. ಊರಲ್ಲಿ ಅಮ್ಮ ಆಗಲೇ ಮೂಡುಬಿದಿರೆ ಬಸ್‌ಸ್ಟ್ಯಾಂಡಿನವರೆಗೂ ಸುದ್ದಿ ಹಂಚಿಯಾಗಿತ್ತು. ಕೆಳಗಿಳಿದರೆ ಮುಖ ತೋರಿಸುವ ಹಾಗಿರಲಿಲ್ಲ.

ಹಾಗಾಗಿ ಲಿಫ್ಟಿನ ಪಕ್ಕ, ಮೆಟ್ಟಿಲ ತಿರುವಿನಲ್ಲಿ, ಕುರ್ಚಿ ಹಾಕಿಕೊಂಡು ಕೂತೆ. ವಾರದೊಳಗೆ ಇಡೀ ಕಟ್ಟಡ ನನ್ನನ್ನು ನಾಟೂರ್ ಎಂದು ತಿಳಿಯಿತು. ಇಲ್ಲಿ ವಾಚ್‌ಮನ್‌ಗೆ ಹಾಗೆನ್ನುತ್ತಾರೆ. ಮೂರನೇ ಮಹಡಿಯ ಈಜಿಪ್ಟಿನ ಹೆಂಗಸು ಇಸ್ತ್ರಿ ಬಟ್ಟೆ ನನ್ನ ಕೈಗೆ ತುರುಕಿ, "ಯಲ್ಲಾ, ಮೇಲೆ ತಗೊಂಡು ಬಾ" ಎಂದು ಸನ್ನೆ ಮಾಡಿ ಲಿಫ್ಟ್ ಹತ್ತಿದಳು. ತಗೊಂಡು ಹೋದೆ, ಇನ್ನೇನು ಮಾಡಲಿ! ಎರಡನೇ ತಿಂಗಳಿಗೆ ಯಾರ ಪಾರ್ಸೆಲ್ ಯಾವ ದಿನ ಬರುತ್ತದೆ ಎಂಬುದೂ ನನಗೆ ಬಾಯಿಪಾಠ. ಕೊನೆಗೆ ನಿಜವಾದ ನಾಟೂರನೇ ಬಂದು, "ನನ್ನ ಕೆಲಸಕ್ಕೆ ಕೈ ಹಾಕ್ಬೇಡ ಭಾಯಿ" ಎಂದು ಹಿಂದಿಯಲ್ಲಿ ಗೋಗರೆದ.

ಜಿಮ್ಮಿನ ಆಡಳಿತ ನಡೆಯುತ್ತಿದ್ದದ್ದು ವಾಟ್ಸಾಪಿನಲ್ಲಿ. "ಎರಡನೇ ಟ್ರೆಡ್‌ಮಿಲ್ ನಿಂತಿತು" ಎಂದು ಅಕ್ಕನ ಮೆಸೇಜ್. "ತಕ್ಷಣ ಮೆಕ್ಯಾನಿಕ್ ಕರೆಸಿ" ಎಂದು ನನ್ನ ಗತ್ತಿನ ಆಜ್ಞೆ. "ಬೆಲ್ಟ್ ನಾನೇ ಬಿಗಿ ಮಾಡಿದೆ. ಓಡ್ತಾ ಉಂಟು. ನಿಮಗೆ ಗೊತ್ತಿರಲಿ ಅಂತ ಹಾಕಿದ್ದು." ಎರಡು ದಿನ ಬಾರದವರಿಗೆ ಅಕ್ಕ ತಾವೇ ಫೋನ್ ಮಾಡುತ್ತಿದ್ದರು: "ಎಂತ, ಮೊಣಕಾಲು ನೋವಾ? ಬನ್ನಿ, ಕೂತ್ಕೊಂಡು ಮಾಡುವಂಥದ್ದು ಉಂಟು." ದೂರದ ಬನಿಯಾಸಿನಿಂದೆಲ್ಲ ಹೆಂಗಸರು ಬರತೊಡಗಿದರು. ಮುಚ್ಚಿದ ಬಾಗಿಲಾಚೆ ನಗು ಕೇಳುತ್ತಿತ್ತು.

ಐದರ ನಂತರದ ಗಂಡಸರನ್ನು ಮಾತ್ರ ಖುದ್ದು ನಾನೇ ಮ್ಯಾನೇಜ್ ಮಾಡಿದೆ. ಗೋಡೆಗೆ ಹನ್ನೊಂದು ನಿಯಮ ಅಂಟಿಸಿದೆ. ಡಂಬೆಲ್ ಇಳಿಸುವಾಗ ಸದ್ದು ಮಾಡಬಾರದು, ಕನ್ನಡಿಯೆದುರು ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು, ಇತ್ಯಾದಿ. ಒಬ್ಬೊಬ್ಬರಾಗಿ ಹಿಂದಿನ ಬೀದಿಯ ಜಿಮ್ಮಿಗೆ ಹೋದರು.

ಮೂರು ತಿಂಗಳು ತುಂಬಿದ ದಿನ ಸಾವುಕಾರರು ಬಂದದ್ದು ಮಧ್ಯಾಹ್ನ ಹನ್ನೆರಡಕ್ಕೆ. ಪಾಪ, ಮಾಲೀಕರಾದರೂ ಅವರಿಗೂ ಒಳಗೆ ಪ್ರವೇಶವಿಲ್ಲ. ಇಬ್ಬರೂ ಮೆಟ್ಟಿಲ ಮೇಲೆ ಒತ್ತಿಕೊಂಡು ಕೂತೆವು. ಅವರು ನನ್ನ ಫೋನಿನಲ್ಲಿ ಸದಸ್ಯರ ಪಟ್ಟಿ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

"ಹೆಂಗಸ್ರು ಡಬಲ್ ಆಗಿದ್ದಾರೆ. ಗಂಡಸ್ರು ಅರ್ಧಕ್ಕೆ ಇಳಿದಿದ್ದಾರೆ. ಅಲ್ಲ ಮಾರಾಯ, ನೀನು ಒಳಗೆ ಇಲ್ಲದಿದ್ರೆ ವ್ಯಾಪಾರ ಲಾಯ್ಕ್ ಆಗ್ತದಲ್ಲ!" ಗಡ್ಡ ಕೆರೆದು ಯೋಚಿಸಿದರು. "ಖಲಾಸ್. ಇನ್ನು ಇಡೀ ದಿನ ಲೇಡೀಸ್ ಮಾಡುವ. ನೀನು ಪರ್ಮನೆಂಟ್."

ಎಂದೆಂದೂ ಕಾಲಿಡಲಾಗದ ಜಿಮ್ಮಿಗೆ ನಾನು ಕಾಯಂ ಮ್ಯಾನೇಜರ್! ನಗು ಬರಬೇಕಿತ್ತು. ಬಂದದ್ದು ಆಸೆ. "ಆಯ್ತು ಸಾವುಕಾರ್ರೆ" ಎಂದುಬಿಟ್ಟೆ.

ಅಷ್ಟರಲ್ಲಿ ಅಕ್ಕ ಬಾಗಿಲು ತೆರೆದು ಹೊರಗೆ ಬಂದರು. ಸಾವುಕಾರರು, "ನಿಮ್ಮ ಮ್ಯಾನೇಜರ್ ಭಾರೀ ಹುಷಾರು. ಇವನು ಹೇಳಿದ ಹಾಗೆ ಕೇಳ್ಕೊಂಡು ಹೋಗಿಯಮ್ಮ" ಎಂದರು.

"ಹೌದು ಸಾವುಕಾರ್ರೆ. ಒಂದು ದಿನವೂ ಅಡ್ಡ ಬರ್ಲಿಲ್ಲ" ಎಂದರು ಅಕ್ಕ.

ಕುಹಕವಿದ್ದಿದ್ದರೆ ಸಿಟ್ಟು ಮಾಡಿಕೊಂಡು ಬಚಾವಾಗುತ್ತಿದ್ದೆ. ಇರಲಿಲ್ಲ. ನನ್ನ ಕೆಲಸ ಉಳಿಯಲಿ ಎಂದೇ, ಹುಡುಕಿ ಹುಡುಕಿ, ನನ್ನ ಬಗ್ಗೆ ಹೇಳಬಹುದಾದ ಒಂದೇ ಒಂದು ಒಳ್ಳೆಯ ಮಾತನ್ನು ಹೇಳಿದ್ದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

"ಹೆಂಗಸರನ್ನು ತಂದದ್ದು ಇವರು" ಎಂದೆ. "ಗಂಡಸರನ್ನು ಓಡಿಸಿದ್ದು ನಾನು. ಮ್ಯಾನೇಜರ್ ಆಗಬೇಕಾದವರೂ ಇವರೇ."

"ಹಾಗಾದ್ರೆ ಮೂರು ತಿಂಗಳು ನೀನೆಂತ ಮಾಡ್ತಿದ್ದದ್ದು?"

"ಪಾರ್ಸೆಲ್ ತಗೊಳ್ತಿದ್ದೆ."

ಸಾವುಕಾರರು ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು. ಆಮೇಲೆ ಅಕ್ಕನಿಗೆ, "ಹಾಗಾದ್ರೆ ನಾಳೆಯಿಂದ ನೀವೇ ನೋಡ್ಕೊಳ್ಳಿ. ಸಂಜೆ ಗಂಡಸ್ರಿಗೇ ಇರ್ಲಿ, ಇವನು ಮತ್ತೆ ಟೀಶರ್ಟ್ ಹಾಕ್ಲಿ" ಎಂದರು.

"ಕಾಗದದಲ್ಲಿ ಬರೆದು ಕೊಡಿ" ಎಂದರು ಅಕ್ಕ, ತಕ್ಷಣ.

ಸಾವುಕಾರರು ಸೂಟ್‌ಕೇಸ್ ಅಂಗಡಿಯ ಬಿಲ್ ಪುಸ್ತಕದಿಂದ ಹಾಳೆ ಹರಿದು, ಮೊಣಕಾಲ ಮೇಲಿಟ್ಟು ಬರೆದರು. ಹುದ್ದೆ ಬಿಟ್ಟುಕೊಡುವವನು ಎಂದು ನನ್ನಿಂದಲೂ ಸಹಿ ಹಾಕಿಸಿದರು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯಿತು.

ಅಕ್ಕ ಹಾಳೆಯನ್ನು ಓದಿದರು. ಇನ್ನೊಮ್ಮೆ ಓದಿದರು. "ಎಂಟು ವರ್ಷ" ಎಂದಷ್ಟೇ ಹೇಳಿ, ನಮ್ಮಿಬ್ಬರ ನಡುವೆ ಮೆಟ್ಟಿಲ ಮೇಲೆ ಕುಸಿದು ಕೂತು, ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನಲ್ಲಿದ್ದ ನಾಲ್ಕು ವರ್ಷದಲ್ಲಿ ಅಕ್ಕ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.