ಏವೆರ್ತಿ ತೊಳೆದ ಸೈಕಲ್ಲು

ವರ್ಷದಲ್ಲಿ ಐದು ತಿಂಗಳು ಹಿಮ ಮುಚ್ಚಿರುವ ನಮ್ಮ ಔಲು ಊರಿನಲ್ಲಿ ಚಳಿಗಾಲಕ್ಕೆಂದು ಸೈಕಲ್ಲನ್ನು ಮೂಲೆಗಿಡುವವರನ್ನು ನಾವು ಕೊಂಚ ಅನುಮಾನದಿಂದಲೇ ನೋಡುತ್ತೇವೆ. ಅಂಥ ಊರಿನಲ್ಲಿ ನಮ್ಮ ಕಟ್ಟಡದ ಏವೆರ್ತಿ ತನ್ನನ್ನು ತಾನೇ ಗುರುಪೀಠದಲ್ಲಿ ಕೂರಿಸಿಕೊಂಡಿದ್ದ. ಕಾಗದದ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅಂಗಳದಲ್ಲಿ ನಿಂತು ಕಂಡವರ ಸೈಕಲ್ಲಿನಲ್ಲೆಲ್ಲ ಹುಳುಕು ಹುಡುಕುವುದೇ ಅವನ ಉದ್ಯೋಗ. ಗೇರಿನ ಗೊಡವೆ ಬೇಡ, ಹಿಂದಕ್ಕೆ ತುಳಿದರೆ ಬ್ರೇಕು ಹಿಡಿಯಬೇಕು, ಚೈನಿಗೆ ಪೂರ್ತಿ ಮುಚ್ಚಿದ ಕವರು, ಒಳಗೆ ದಪ್ಪ ಎಣ್ಣೆ. ಇಷ್ಟಿದ್ದರೆ ಹಿಮಕ್ಕೆಂದು ರಸ್ತೆಗೆ ಸುರಿಯುವ ಉಪ್ಪು, ಜಲ್ಲಿಪುಡಿ ಏನೂ ಮಾಡಲಾರವು ಎನ್ನುತ್ತಿದ್ದ. ಇದಕ್ಕಿಂತ ದೊಡ್ಡ ಕಟ್ಟಪ್ಪಣೆ ಇನ್ನೊಂದಿತ್ತು: ಚಳಿ ಹಿಡಿದ ಸೈಕಲ್ಲನ್ನು ಬೆಚ್ಚಗಿನ ಜಾಗಕ್ಕೆ ತರಕೂಡದು. ತಂದರೆ ಹಿಮ ಕರಗಿ ಅದರೊಳಗೆ ನೀರಾಗುತ್ತದೆ, ಮತ್ತೆ ಹೊರಗೆ ಹೋದಾಗ ಆ ನೀರು ಗಡ್ಡೆಗಟ್ಟಿ ಹಿಂದಿನ ಚಕ್ರದ ನಡುವಿನ ಗುಂಬವನ್ನು, ಅಂದರೆ ಹಬ್ಬನ್ನು, ಕೆಡಿಸುತ್ತದೆ. ಕೆಳಮನೆಯ ಕೌಕೋ ಒಮ್ಮೆ ತನ್ನದನ್ನು ಒಳಗೆ ತಂದಾಗ ಏವೆರ್ತಿ ಎಲ್ಲರೆದುರೇ, "ಸೌನಾ ಹಬೆಸ್ನಾನಕ್ಕೂ ಕರ್ಕೊಂಡು ಹೋಗಯ್ಯಾ, ಬೆನ್ನುಜ್ಜು!" ಎಂದಿದ್ದ. ಕೌಕೋ ಅದನ್ನು ಮರೆಯಲಿಲ್ಲ.

ಏವೆರ್ತಿಯ ಮಗಳು ಸೈಮಿ ಮನೆಮನೆಗೆ ಹೋಗಿ ವಯಸ್ಸಾದವರ ಆರೈಕೆ ಮಾಡುವ ದಾದಿ. ಅಪ್ಪನ ಎದುರು ಮನೆಯಲ್ಲೇ ಇದ್ದಾಳೆ. ಅಪ್ಪ ಮಗಳ ನಡುವೆ ಮಾತು ಕಡಿಮೆ. ಭಾನುವಾರ ಅವಳ ಚೈನು ಒರೆಸಿ ಎಣ್ಣೆ ಹಾಕುವುದಷ್ಟೇ ಅವನಿಗೆ ಗೊತ್ತಿದ್ದ ಅಕ್ಕರೆ. ಈ ಸಲ ಅವಳು ಬೆಲ್ಟಿನ ಸೈಕಲ್ಲು ಕೊಂಡಳು. ಚೈನೇ ಇಲ್ಲ, ಅದರ ಜಾಗದಲ್ಲಿ ರಬ್ಬರಿನ ಪಟ್ಟಿ, ಗೇರೆಲ್ಲ ಹಬ್ಬಿನೊಳಗೆ.

"ತುಕ್ಕು ಹಿಡಿಯಲ್ಲ, ಎಣ್ಣೆ ಬೇಡ. ನಿಂಗೂ ಕೆಲ್ಸ ತಪ್ತಲ್ಲಪ್ಪ" ಎಂದಳು.

"ಹೂಂ, ಹೊಲಿಗೆ ಮಿಷಿನ್ನಿಗೂ ಬೆಲ್ಟಿರುತ್ತೆ" ಎಂದು ಏವೆರ್ತಿ ಒಳಗೆ ಹೋದ. ಭಾನುವಾರ ಬಂದರೆ ಕೈ ಎಲ್ಲಿಡಬೇಕೆಂದು ತಿಳಿಯದೆ ಮನುಷ್ಯ ಬಾಡಿಹೋದ.

ಜನವರಿಯಲ್ಲಿ ಒಂದು ಭಾನುವಾರ ಸೈಮಿ ಮನೆಯಲ್ಲಿಲ್ಲದಾಗ ಅವನಿಗೆ ತಡೆಯಲಾಗಲಿಲ್ಲ. ಅವಳ ಸೈಕಲ್ಲನ್ನು ಬಟ್ಟೆ ಒಗೆಯುವ ಕೋಣೆಗೆ ತಂದು, ಬೆಲ್ಟು, ಹಬ್ಬು ಎಲ್ಲವನ್ನೂ ಬಿಸಿನೀರು ಸೋಪು ಹಾಕಿ ತೊಳೆದ. ಊರಿಗೆಲ್ಲ ಬೇಡವೆಂದದ್ದನ್ನು ತಾನೇ ಮಾಡಿ, ಮತ್ತೆ ಹೊರಗೆ ನಿಲ್ಲಿಸಿ ಬಂದ.

ಬೆಳಿಗ್ಗೆ ಸೈಮಿ ತುಳಿದರೆ ಪೆಡಲು ಗರಗರ ತಿರುಗಿತು, ಚಕ್ರ ಕದಲಲಿಲ್ಲ. ಕೆಲಸಕ್ಕೆ ನಡೆದೇ ಹೋದಳು, ತಡವಾಯಿತು. ತಿಂಡಿ, ಮಾತ್ರೆಗಾಗಿ ಕಾದಿದ್ದ ಅಜ್ಜಿಯೊಬ್ಬಳು ಗಾಬರಿಯಿಂದ ಅತ್ತುಬಿಟ್ಟಿದ್ದಳಂತೆ. ಸಂಜೆ ನಾವೆಲ್ಲ ಅಂಗಳದ ಹಿಮ ಸರಿಸುತ್ತಿದ್ದಾಗ ಸೈಮಿ ಅಪ್ಪನ ಹತ್ತಿರ ಬಂದಳು.

"ನೀನ್ ಹೇಳಿದ್ದೇ ಸರಿ ಅಪ್ಪ. ಈ ಬೆಲ್ಟಿನ ಗಾಡಿ ನಮ್ ಚಳಿಗಲ್ಲ. ಮಾರ್ಬಿಡ್ತೀನಿ."

"ಗುರುಗಳು ಗೆದ್ರು ಬಿಡಿ!" ಎಂದ ಕೌಕೋ.

ಏವೆರ್ತಿ ಸಲಿಕೆಯನ್ನು ಗೋಡೆಗೊರಗಿಸಿ ಒಳಗೆ ಹೋದ. ತಪ್ಪು ತನ್ನದು, ಕೆಟ್ಟ ಹೆಸರು ಸೈಕಲ್ಲಿಗೆ, ಮೇಲಾಗಿ ಗೆದ್ದವನು ತಾನು! ಹೇಳಿದರೆ ಕೌಕೋನ ಮುಂದೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಮಗಳ ಸೈಕಲ್ಲು ಹೋಗುತ್ತದೆ. ವಾರವಿಡೀ ಅವನು ಅಂಗಳಕ್ಕೆ ಇಳಿಯಲಿಲ್ಲ. ಆ ನಾಚಿಕೆಗೆ ಅನ್ನವೂ ಸೇರುತ್ತಿರಲಿಲ್ಲವೆಂದು ಆಮೇಲೆ ಅವನೇ ನನ್ನ ಬಳಿ ಹೇಳಿದ.

ಶನಿವಾರ ಕೊಳ್ಳಲು ಒಬ್ಬ ಟೀಚರಮ್ಮ ಬಂದಳು. "ಹೊಸದಿದ್ದಂಗಿದೆ. ಯಾಕೆ ಮಾರ್ತಿದೀರಾ?" ಎಂದು ಕೇಳಿದಳು.

"ಚಳಿಗೆ ಹೆಪ್ಪುಗಟ್ಟುತ್ತೆ" ಎಂದಳು ಸೈಮಿ.

ಮೆಟ್ಟಿಲ ಮೇಲೆ ಏವೆರ್ತಿ ಬಂದು ನಿಂತಿದ್ದ. ಟೋಪಿ ಹಾಕಿಕೊಳ್ಳುವುದನ್ನೂ ಮರೆತಿದ್ದ.

"ಗಾಡಿದೇನೂ ತಪ್ಪಿಲ್ಲಮ್ಮ. ಒಳಗ್ ತಗೊಂಡೋಗಿ ಬಿಸಿನೀರಲ್ಲಿ ತೊಳ್ದಿದ್ದು ನಾನು."

ಪಕ್ಕದಲ್ಲೇ ನನ್ನೊಡನೆ ಹಿಮ ಸರಿಸುತ್ತಿದ್ದ ಕೌಕೋನ ಕೈಯ ಸಲಿಕೆ ನಿಂತಿತು. ಈಗ ಬಾಯಿಬಿಡುತ್ತಾನೆಂದು ನಾನು ಹಲ್ಲು ಕಚ್ಚಿಕೊಂಡೆ. ಅವನು ತಲೆ ಬಗ್ಗಿಸಿ ಮತ್ತೆ ಹಿಮ ಎತ್ತಿದ, ಪುಣ್ಯಾತ್ಮ.

"ಗೊತ್ತಿತ್ತಪ್ಪ" ಎಂದಳು ಸೈಮಿ ಮೆಲ್ಲಗೆ. "ಅವತ್ತು ಎಲ್ಲರ ಸೈಕಲ್ ಮೇಲೂ ಗೇಣುದ್ದ ಹಿಮ. ನಂದು ಮಾತ್ರ ಮದುಮಗಳ ಥರ ಮಿಂದು ನಿಂತಿತ್ತು."

"ಮತ್ಯಾಕೆ ಸುಮ್ನಿದ್ದೆ?"

"ಗಾಡಿ ಇನ್ನೊಂದ್ ಸಿಗುತ್ತೆ. ಇವರ ಮುಂದೆ ನಿನ್ ತಲೆ ತಗ್ಗೋದು ಬೇಡ ಅನ್ನಿಸ್ತು."

ಏವೆರ್ತಿಯ ಮುಖ ಕಪ್ಪಿಟ್ಟಿತು. ಒಪ್ಪಿಕೊಂಡರೆ ನಾಚಿಕೆ ಇಳಿಯುತ್ತದೆ ಎಂದುಕೊಂಡಿದ್ದವನಿಗೆ ಅದು ಎರಡರಷ್ಟಾಯಿತು. ತನ್ನ ಜಂಬವನ್ನು ಕಾಯಲು ಮಗಳು ಐದಾರು ದಿನ ಆ ಚಳಿಯಲ್ಲಿ ನಡೆದಿದ್ದಳು.

ಟೀಚರಮ್ಮ ಅವರಿಬ್ಬರ ಮುಖ ನೋಡಿ, ಬೇರೆ ಕಡೆ ವಿಚಾರಿಸುತ್ತೇನೆಂದು ಹೊರಟುಹೋದಳು.

"ಈ ಬೆಲ್ಟನ್ನ ಚಳಿಲಿ ಹೆಂಗ್ ನೋಡ್ಕೋಬೇಕಪ್ಪ?" ಸೈಮಿ ಕೇಳಿದಳು.

ಏವೆರ್ತಿ ಸೈಕಲ್ಲಿನ ಹತ್ತಿರ ಬಂದು ಬಗ್ಗಿ ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಿದ.

"ನಂಗೊತ್ತಿಲ್ಲ ಮಗಳೇ" ಎಂದ, ಕೌಕೋಗೂ ಕೇಳುವಷ್ಟು ಗಟ್ಟಿಯಾಗಿ.