ನೆಲಕ್ಕೆ ತಾಗದ ಕಂಬಗಳು

ನನ್ನ ಗಂಡ ಬಿದ್ದ ಸುದ್ದಿ ಬಂದಾಗ ನಾನು ಯರಗೇರಾದ ಶಾಲೆಯಲ್ಲಿ ಎಂಟನೇ ತರಗತಿಯವರಿಗೆ ಸಂಧಿ ಬಿಡಿಸುವುದನ್ನು ಕಲಿಸುತ್ತಿದ್ದೆ. ಫೋನ್ ಮಾಡಿದವರು ಅವರ ಜೊತೆ ಕೆಲಸ ಮಾಡುವ ಇನ್ನೊಬ್ಬ ಬಡಗಿ. ‘ಅಕ್ಕಾರ, ನೀವು ಸೀದಾ ರಾಯಚೂರು ದವಾಖಾನಿಗೆ ಬರ್ರಿ, ನಾವೂ ಅಲ್ಲಿಗೇ ಹೊಂಟೀವಿ’ ಎಂದರು. ಏನಾಯಿತೆಂದು ಕೇಳಿದರೆ ಹೇಳಲಿಲ್ಲ. ಹಿಂದಿನಿಂದ ನನ್ನ ಗಂಡನ ದನಿ ಕೇಳಿಸಿತು. ‘ಅಕಿಗೆ ಹೆದರಸಬ್ಯಾಡೋ’ ಎನ್ನುತ್ತಿದ್ದರು. ಮಾತಾಡುತ್ತಿದ್ದಾರೆಂದರೆ ದೊಡ್ಡದೇನೂ ಆಗಿರಲಿಕ್ಕಿಲ್ಲ ಎಂದುಕೊಂಡು ಬಸ್ಸು ಹತ್ತಿದೆ.

ಕೆಲಸ ಇದ್ದದ್ದು ದೇವದುರ್ಗದ ಒಬ್ಬ ಸಾಹುಕಾರರ ಮನೆಯಲ್ಲಿ. ಆ ಮನೆಯ ಮಾಳಿಗೆಯ ಮೇಲೆ, ಹಿಂಬದಿಗೆ ಕಟ್ಟಿಗೆಯ ಹಲಗೆ ಹಾಸಿದ ಕಟ್ಟೆ, ಅದರ ಅಂಚಿಗೆ ಕಟ್ಟಿಗೆಯದೇ ಕಟಕಟೆ. ಸಂಜೆ ಕೂತು ಗಾಳಿ ತೆಗೆದುಕೊಳ್ಳಲೆಂದು ಮಾಡಿಸಿದ್ದರಂತೆ. ಮೇಲಿನ ಕೈಹಿಡಿ ಬಿಸಿಲಿಗೆ ಸೀಳಿದೆ, ಅದನ್ನಷ್ಟೇ ಬದಲಿಸಿಕೊಡಿ ಎಂದು ನನ್ನ ಗಂಡನನ್ನು ಕರೆಸಿದ್ದರು. ಕಂಬಗಳನ್ನು ಹಿಂದೆ ಬೇರೆ ಯಾರೋ ನಿಲ್ಲಿಸಿದ್ದರು. ಅಂಚಿನ ಸಿಮೆಂಟಿನಲ್ಲಿ ಗುಳಿ ಬಿಟ್ಟು, ಕಂಬದ ಬುಡ ಇಳಿಸಿ, ಸುತ್ತ ಕಾಂಕ್ರೀಟು ತುಂಬಿದ ಕೆಲಸ. ಮೇಲೆ ಎರಡು ಕೈ ಪೇಂಟು. ನೋಡಲು ಚೆನ್ನಾಗಿಯೇ ಇದ್ದವಂತೆ.

ನನ್ನ ಗಂಡನಿಗೆ ಒಂದು ಚಟವಿತ್ತು. ಯಾರ ಮನೆಗೆ ಹೋದರೂ ಮೆಟ್ಟಿಲ ಪಕ್ಕದ ಕಂಬವನ್ನು ಸೊಂಟದಿಂದ ಒಮ್ಮೆ ದೂಡಿ ನೋಡುತ್ತಿದ್ದರು. ಮದುವೆ ಮಾತಿಗೆ ಕಲ್ಲೂರಿನ ನಮ್ಮ ಮನೆಗೆ ಬಂದಾಗ ಪಡಸಾಲೆಯ ಕಂಬವನ್ನೂ ಹಾಗೆ ದೂಡಿದ್ದರು. ಅಪ್ಪನೂ ಬಡಗಿ. ‘ಅಲಗೂದಿಲ್ರಿ ಅದು, ನಮ್ಮಪ್ಪ ನಿಂದ್ರಿಸಿದ್ದು’ ಎಂದು ನಕ್ಕಿದ್ದ. ದೇವದುರ್ಗದಲ್ಲಿಯೂ ಕೆಲಸ ಶುರುಮಾಡುವ ಮೊದಲು ಒಂದೊಂದೇ ಕಂಬ ದೂಡಿ ನೋಡುತ್ತ ಹೋಗಿದ್ದಾರೆ. ಮೂಲೆಯ ಕಂಬ ಬುಡದಲ್ಲೇ ಮುರಿಯಿತು. ಕಂಬದ ಜೊತೆಗೇ ಅವರು ಕೆಳಗಿನ ಶಹಾಬಾದ್ ಕಲ್ಲಿನ ಅಂಗಳಕ್ಕೆ ಬಿದ್ದರು.

ಬೆನ್ನುಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆ ಆಯಿತು. ಕೈ, ಎದೆ, ಮಾತು, ಬುದ್ಧಿ ಎಲ್ಲ ಮೊದಲಿನಂತೆಯೇ ಇದ್ದವು. ಸೊಂಟದಿಂದ ಕೆಳಗೆ ಏನೂ ಇರಲಿಲ್ಲ. ನಾನು ಕಾಲಿನ ಹೆಬ್ಬೆರಳು ಹಿಡಿದು, ‘ಗೊತ್ತಾಗತದೇನ್ರಿ?’ ಎಂದು ಕೇಳುತ್ತಿದ್ದೆ. ಅವರು ಮೊದಮೊದಲು, ‘ಸ್ವಲ್ಪ ಗೊತ್ತಾದಂಗ ಆಗತದ’ ಎನ್ನುತ್ತಿದ್ದರು. ಆಮೇಲೆ, ‘ಕೇಳಬ್ಯಾಡ ಬಿಡು’ ಎಂದರು.

ಮನೆಗೆ ಕರೆತಂದ ಮೇಲೆ ಸಾಹುಕಾರರು ಒಮ್ಮೆ ಬಂದಿದ್ದರು. ಹಣ್ಣಿನ ಚೀಲವನ್ನು ಅತ್ತೆಯ ಕೈಗೆ ಕೊಟ್ಟು ಬಾಗಿಲ ಹತ್ತಿರವೇ ನಿಂತರು. ನನ್ನ ಗಂಡ ಅವರನ್ನು ಬೈಯಲಿಲ್ಲ. ಒಂದೇ ಮಾತು ಕೇಳಿದರು.

‘ಉಳಿದ ಕಂಬನೂ ಹಂಗೇ ಆಗಿದ್ವೇನ್ರಿ?’

‘ಯಾರಿಗ್ಗೊತ್ತು? ಎಲ್ಲಾ ಬುಡಸಮೇತ ಕಿತ್ತಿ ತಗಸೀವಿ. ಈಗ ಸ್ಟೀಲ್ ಪೈಪ್ ಹಾಕಸಾಕತ್ತೀವಿ’ ಎಂದರು ಅವರು.

ಅವರು ಹೋದ ಮೇಲೆ ನನ್ನ ಗಂಡ ತುಂಬ ದಿನ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರು. ನಾನು ಬೆನ್ನು ಒರೆಸುವಾಗ, ಮಗ್ಗುಲು ತಿರುಗಿಸುವಾಗ ಇದ್ದಕ್ಕಿದ್ದಂತೆ, ‘ಅದೊಂದೇ ಹಾಳಾಗಿತ್ತೇನು, ಎಲ್ಲಾ ಹಾಳಾಗಿದ್ವೇನು?’ ಎನ್ನುತ್ತಿದ್ದರು. ಅದು ತಿಳಿದು ಏನು ಮಾಡುತ್ತೀರಿ ಎಂದು ನಾನು ಕೇಳಲಿಲ್ಲ. ಅವರಿಗೆ ಬೇರೆ ಕೆಲಸವೇ ಉಳಿದಿರಲಿಲ್ಲ.

ಮಾರ್ಚಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆಗೆ ನನ್ನನ್ನು ದೇವದುರ್ಗಕ್ಕೆ ಹಾಕಿದರು. ಪೇಪರು ಮುಗಿದ ಮೇಲೆ ದಾರಿ ಕೇಳಿಕೊಂಡು ಆ ಮನೆಗೆ ಹೋದೆ. ಸಾಹುಕಾರರು ಇರಲಿಲ್ಲ. ಅವರ ಹೆಂಡತಿ ನನ್ನ ಗುರುತು ಸಿಕ್ಕಿದ ಕೂಡಲೇ ತಲೆಯ ಮೇಲೆ ಸೆರಗು ಎಳೆದುಕೊಂಡು, ‘ಒಳಗ ಬರ್ರಿ, ಚಾ ಕುಡೀರಿ’ ಎಂದರು. ಚಹಾ ಬೇಡ, ಹಳೆಯ ಕಂಬ ನೋಡಬೇಕು ಎಂದೆ. ಆಕೆ ಹಿತ್ತಲಿಗೆ ಕರೆದೊಯ್ದರು. ಅಲ್ಲಿ ನೀರು ಕಾಯಿಸುವ ಒಲೆಯ ಪಕ್ಕ ಕಂಬಗಳನ್ನು ಒಟ್ಟಿದ್ದರು. ಅರ್ಧ ಉರಿದು ಹೋಗಿದ್ದವು. ಉಳಿದವನ್ನು ಒಂದೊಂದಾಗಿ ತಿರುಗಿಸಿ ಬುಡ ನೋಡಿದೆ. ಸಿಮೆಂಟಿನ ಮಟ್ಟದವರೆಗೆ ಗಟ್ಟಿ ಕಟ್ಟಿಗೆ. ಅಲ್ಲಿಂದ ಕೆಳಗೆ ಬೆರಳು ಒತ್ತಿದರೆ ಒಣಗಿದ ಬ್ರೆಡ್ಡಿನಂತೆ ಪುಡಿಯಾಗುತ್ತಿತ್ತು. ಕೆಲವಕ್ಕೆ ಗೆದ್ದಲೂ ಹತ್ತಿತ್ತು. ನಾನು ಅಲ್ಲೇ ಕೂತುಬಿಟ್ಟೆ. ಆ ಹೆಂಗಸು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ‘ನಮ್ಮ ಮೊಮ್ಮಕ್ಕಳು ಅದನ್ನ ಹಿಡಕೊಂಡೇ ಆಡತಿದ್ವು’ ಎಂದು ಮೆಲ್ಲಗೆ ಹೇಳಿದರು.

ಮನೆಗೆ ಬಂದು ಎಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

‘ಗುಳಿಯೊಳಗ ನೀರು ನಿಂದರತದ. ಹೋಗಾಕ ಹಾದಿಲ್ಲ. ಕಟಗಿ ಕುಡಕೋಂತ ಇರತದ’ ಎಂದರು. ಕಣ್ಣು ತೆರೆದು, ‘ನಿಮ್ಮಪ್ಪಗ ಬರಾಕ ಹೇಳು. ಹಿತ್ತಲದಾಗ ಕಂಬ ನಿಂದ್ರಸಬೇಕು. ನಾ ನಿಂದರ್ತೀನಿ’ ಎಂದರು.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹೆಣ್ಣುಮಗಳೊಬ್ಬಳು ಅವರಿಗೆ ಸೊಂಟದ ಎತ್ತರಕ್ಕೆ ಅಕ್ಕಪಕ್ಕ ಕೂರಿಸಿದ ಎರಡು ಕಬ್ಬಿಣದ ಅಡ್ಡಪಟ್ಟಿಗಳನ್ನು ತೋರಿಸಿದ್ದಳು. ಕಾಲಿಗೆ ಕ್ಯಾಲಿಪರ್ ಎಂಬ ಸರಳಿನ ಪಟ್ಟಿ ಕಟ್ಟಿ, ಎರಡೂ ಕೈಯಿಂದ ಆ ಅಡ್ಡಪಟ್ಟಿಗಳನ್ನು ಹಿಡಿದು ನಿಲ್ಲುವ ಅಭ್ಯಾಸ. ಆಟೋದಲ್ಲಿ ಮಲಗಿಸಿಕೊಂಡು ದಿನಾ ಅಲ್ಲಿಗೆ ಹೋಗುವುದು ಆಗದ ಮಾತು. ಅದನ್ನೇ ಮನೆಯಲ್ಲಿ ಕಟ್ಟಿಗೆಯಿಂದ ಮಾಡಿಕೊಳ್ಳುತ್ತೇನೆಂದು ಅವರ ಹಟ. ಕಬ್ಬಿಣ ಯಾಕೆ ಬೇಡವೆಂದರೆ, ‘ರಾಯಚೂರು ಬಿಸಲಾಗ ಕಬ್ಬಿಣ ಹಿಡದು ನೋಡು ನೀ’ ಎಂದರು.

ಅಪ್ಪ ಕಲ್ಲೂರಿನಿಂದ ಹಳೆಯ ಮನೆಯೊಂದರ ಸಾಗವಾನಿ ತೊಲೆಗಳನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಬಂದ. ಅಳಿಯನ ಹಾಸಿಗೆಯನ್ನು ಹಿತ್ತಲ ಬಾಗಿಲಿಗೆ ಎಳೆದೆವು. ಮಲಗಿದಲ್ಲಿಂದಲೇ ಅವರು ಹೇಳುವುದು, ಅಪ್ಪ ಮಾಡುವುದು. ಮೊದಲ ದಿನವೇ ಇಬ್ಬರಿಗೂ ವಾದ ಹತ್ತಿತು.

‘ಬುಡ ಸುಟ್ಟು ಕರ್ರಗ ಮಾಡಿ ಮಣ್ಣಾಗ ಹೂಳೂಣು. ಸುತ್ತ ಕಲ್ಲು ಜಡದ್ರ ಆನಿ ಬಂದ್ರೂ ಅಲಗೂದಿಲ್ಲ. ನಮ್ಮನಿ ಕಂಬ ನೋಡೀರಲ್ಲ?’ ಎಂದ ಅಪ್ಪ.

‘ನಿಮ್ಮನಿ ಕಂಬ ಮಾಳಿಗಿ ಕೆಳಗ ಅದ ಮಾಮಾ, ಅದೂ ಕಲ್ಲಿನ ಮ್ಯಾಲ ಕುಂತದ. ಇದು ಬಯಲಾಗ. ಮಳಿ ಬೀಳತದ. ನನಗ ಕಟಗಿ ನೆಲಕ್ಕ ಹತ್ತಬಾರದು.’

‘ನೆಲಕ್ಕ ಹತ್ತಲಾರದ ಕಂಬ ಎಲ್ಲ್ಯಾದ್ರೂ ಅದ ಏನು?’

ಇತ್ತು. ಅವರು ನನ್ನ ಕೈಯಿಂದ ಸೀಮೆಸುಣ್ಣ ಈಸಿಕೊಂಡು ಗೋಡೆಗೆ ಬರೆದು ತೋರಿಸಿದರು. ಕೆಳಗೆ ಕಾಂಕ್ರೀಟಿನ ಪಾಯ, ಅದರಲ್ಲಿ ಹೂತ, ಕಾಲಿಗೆ ಚಪ್ಪಲಿಯಂತೆ ಕಂಬದ ಬುಡ ಹಿಡಿಯುವ ಕಬ್ಬಿಣದ ಜೋಡು, ಆ ಜೋಡಿನಲ್ಲಿ ಕಂಬ. ಕಂಬದ ತುದಿಗೂ ಕಾಂಕ್ರೀಟಿಗೂ ನಡುವೆ ಬೆರಳು ತೂರುವಷ್ಟು ಸಂದು, ನೀರು ಬಿದ್ದರೆ ಹರಿದುಹೋಗಿ ಗಾಳಿಗೆ ಆರಬೇಕು. ಅಪ್ಪನಿಗೆ ಒಪ್ಪಿಗೆಯಾಗಲಿಲ್ಲ, ಆದರೆ ಮಲಗಿದವನೊಡನೆ ಎಷ್ಟೆಂದು ವಾದ ಮಾಡುವುದು? ನಮ್ಮದು ಎರೆಮಣ್ಣಿನ ಹಿತ್ತಲು. ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಆ ಮಣ್ಣು ದಾಟಿ ಗಟ್ಟಿ ಗರಸು ಹತ್ತುವವರೆಗೂ ತಗ್ಗು ತೋಡಬೇಕಾಯಿತು. ಶಾಲೆಗೆ ರಜೆ ಬಿದ್ದಿತ್ತು. ಹಾರೆ ಹಿಡಿದು ನಾನೂ ತೋಡಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ‘ಮನಿ ಹಿಂದ ಇಂಥಾ ತಗ್ಗು ತೋಡಬಾರದು’ ಎಂದು ಒಳಗೆ ಹೋದಳು.

ಕಾಂಕ್ರೀಟು ಒಣಗಿ, ಕಂಬ ನಿಂತು, ಬೋಲ್ಟು ಬಿಗಿದ ದಿನ ಅಪ್ಪ ಹೆಗಲು ಕೊಟ್ಟು ದೂಡಿದ. ಕಂಬದ ತಲೆ ಅಲುಗಿತು. ಬಹಳವೇನಲ್ಲ, ಆದರೆ ಹಾಸಿಗೆಯ ಮೇಲಿದ್ದವರಿಗೆ ಕಾಣುವಷ್ಟು. ನನ್ನ ಗಂಡನ ಮುಖ ಬೆಳ್ಳಗಾಯಿತು. ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು, ತಾವೇ ಬೀಳುತ್ತಿದ್ದಾರೆಂಬಂತೆ. ‘ನಾ ಮೊದಲೇ ಹೇಳಿದ್ದೆ’ ಎಂಬ ಮಾತು ಅಪ್ಪನ ಬಾಯಿಂದ ಬರಲಿಲ್ಲ. ಅದಕ್ಕಾಗಿ ಇಂದಿಗೂ ಅವನ ಮೇಲೆ ನನಗೆ ಗೌರವ.

ಆ ದಿನ ಅವರು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪನನ್ನು ಕರೆದು, ‘ಜೋಡು ಗಿಡ್ಡ ಆಗ್ಯದ ಮಾಮಾ. ಅದು ಭಾರ ಹೊರತದ, ದೂಡಿದ್ರ ತಡಿಯೂದಿಲ್ಲ. ತಪ್ಪು ನಂದು’ ಎಂದರು. ಮತ್ತೆ ಗೋಡೆಯ ಮೇಲೆ ಬರೆದರು. ಈ ಸಲ ಕಂಬದ ಎರಡೂ ಬದಿಗೆ ಉದ್ದನೆಯ ದಪ್ಪ ಪಟ್ಟಿ, ಕಾಂಕ್ರೀಟಿನಲ್ಲಿ ಆಳಕ್ಕೆ ಇಳಿದದ್ದು; ಕೆಳಗೊಂದು, ಮೇಲೊಂದು ಬೋಲ್ಟು. ಎರಡು ಸಾಲಿನ ಕಂಬಗಳನ್ನು ತುದಿಗಳಲ್ಲಿ ಅಡ್ಡತೊಲೆಯಿಂದ ಕಟ್ಟಿ, ಹೊರಗಿನಿಂದ ಓರೆಯಾಗಿ ಆನಿಕೆ. ಸುರಿದ ಕಾಂಕ್ರೀಟನ್ನೆಲ್ಲ ಒಡೆದು ತೆಗೆದು ಮತ್ತೆ ಮೊದಲಿನಿಂದ ಮಾಡಿದೆವು. ಬಿಸಿಲಿಗೆ ಅಪ್ಪನ ಕಿವಿಯ ತುದಿಗಳು ಸುಲಿದು ಬಂದವು. ಮುಗಿದ ಮೇಲೆ ಅಪ್ಪ ದೂಡಿದ, ಜೊತೆಗಾರ ಬಡಗಿಯೂ ಬಂದು ದೂಡಿದರು, ನಾನೂ ದೂಡಿದೆ. ಅಲುಗಲಿಲ್ಲ. ‘ಮಜಬೂತ ಆತು’ ಎಂದ ಅಪ್ಪ.

ಅವರು ನಿಂತರು. ಕ್ಯಾಲಿಪರ್ ಕಟ್ಟಿ, ನಾನು ಸೊಂಟ ಹಿಡಿದು, ಅಪ್ಪ ಬಗಲಿಗೆ ಕೈ ಕೊಟ್ಟು ಎತ್ತಿದೆವು. ಕೈಹಿಡಿ ಸಿಕ್ಕ ಕೂಡಲೇ ತೋಳಿನ ನರಗಳು ಉಬ್ಬಿದವು. ‘ಬಿಡ್ರಿ’ ಎಂದರು. ಬಿಟ್ಟೆವು. ನನಗಿಂತ ಅವರು ಅಷ್ಟು ಎತ್ತರವಿದ್ದರೆಂಬುದೇ ನನಗೆ ಮರೆತುಹೋಗಿತ್ತು. ಕಾಂಪೌಂಡಿನ ಆಚೆಗೆ ನೋಡುತ್ತ, ‘ಆ ಬಾಜೂ ಮನಿ ತಗಡು ಹಾರಿ ಹೋಗ್ಯದಲ್ಲ, ಯಾವಾಗ?’ ಎಂದು ಕೇಳಿದರು. ಅಷ್ಟು ದಿನದಲ್ಲಿ ಅವರು ಕೇಳಿದ, ಮೈಗೂ ಕಂಬಕ್ಕೂ ಸಂಬಂಧವಿಲ್ಲದ ಮೊದಲ ಪ್ರಶ್ನೆ ಅದು.

ದಿನಾ ನಿಲ್ಲತೊಡಗಿದರು. ಕೈಯ ಬಲದಿಂದ ಮೈಯನ್ನು ತೂಗಿ ಒಂದೊಂದು ಹೆಜ್ಜೆ ಜಾರಿಸುವುದನ್ನೂ ಕಲಿತರು. ಮಳೆಗಾಲ ಬಂತು. ಒಂದು ದಿನ ಪಟ್ಟಿ ಬಿಚ್ಚುವಾಗ ತೊಡೆಯ ಸಂದಿಯಲ್ಲಿ, ಕ್ಯಾಲಿಪರಿನ ಮೇಲ್ತುದಿಯ ಬಳೆ ಕೂರುವ ಕಡೆ, ಚರ್ಮ ಕೆಂಪಾಗಿ ಕಿತ್ತು ಬಂದಿತ್ತು. ಅವರಿಗೆ ತಿಳಿದಿರಲಿಲ್ಲ. ತಿಳಿಯುವಂತೆಯೂ ಇರಲಿಲ್ಲ. ನಾನು ಅಂದೇ ಪಟ್ಟಿಗಳನ್ನು ಎತ್ತಿಟ್ಟೆ.

‘ಗಾಯ ಮಾಯೂ ತನಕ ಬ್ಯಾಡ್ರಿ.’

‘ನನಗ ನೋವಿಲ್ಲ.’

‘ನೋವಿಲ್ಲ ಅಂತನೇ ಬ್ಯಾಡ ಅನ್ನಾಕತ್ತೀನಿ.’

ಅವರು ಕೇಳಲಿಲ್ಲ. ನಾನು ಶಾಲೆಗೆ ಹೋದ ಮೇಲೆ ಜೊತೆಗಾರನನ್ನು ಕರೆಸಿಕೊಂಡು ನಿಂತರು. ಸಿಟ್ಟಿನಿಂದ ಜಗಳವಾಡಿದೆ. ಆಮೇಲೆ ನಿಲ್ಲುವುದನ್ನು ಬಿಟ್ಟರು. ಅಷ್ಟರಲ್ಲಿ ಗಾಯ ಒಳಗೆ ಇಳಿದಿತ್ತು. ಡ್ರೆಸ್ಸಿಂಗು, ಸೂಜಿ, ಮತ್ತೆ ಆಸ್ಪತ್ರೆ. ಜ್ವರ ಬಂದು ಹೋಗಿ, ಬಂದು ಹೋಗಿ, ಕೊನೆಗೆ ಬಂದದ್ದು ಹೋಗಲಿಲ್ಲ. ರಕ್ತಕ್ಕೆ ನಂಜು ಏರಿದೆ ಎಂದರು ಡಾಕ್ಟರು. ಕೊನೆಯ ಸಲ ಎಚ್ಚರವಿದ್ದಾಗ ನೀರು ಕೇಳಿದರು. ಚಮಚದಲ್ಲಿ ಕೊಟ್ಟೆ. ಮಧ್ಯಾಹ್ನ ಹೋಗಿಬಿಟ್ಟರು.

ಮಣ್ಣು ಮುಗಿಸಿ ಬಂದ ಮೇಲೆ, ಹೆಂಗಸರೆಲ್ಲ ಕೂತಿದ್ದಾಗ ಅತ್ತೆ ನನ್ನ ಕಡೆ ತಿರುಗಿ ಹೇಳಿದಳು: ‘ಮಲಗಿದ್ರ ಬದಕತಿದ್ದ ನನ್ನ ಮಗ. ನೀವು ಅಪ್ಪ ಮಗಳು ಕೂಡಿ ನಿಂದ್ರಿಸಿ ಕೊಂದ್ರಿ.’

ಅಪ್ಪ ಹೊರಗಿನ ಶೆಡ್ಡಿನಲ್ಲಿದ್ದ, ಅವನಿಗೂ ಕೇಳಿಸಿತು. ಆಕೆ ಹೇಳಿದ್ದು ಸುಳ್ಳೆಂದು ನನಗೆ ಅನ್ನಿಸುತ್ತದೆ. ಮಲಗಿದವರಿಗೂ ಗಾಯವಾಗುತ್ತದೆ, ಬೇಗನೆ ಆಗುತ್ತದೆ ಎಂದು ಆಸ್ಪತ್ರೆಯ ಹೆಣ್ಣುಮಗಳು ಮೊದಲೇ ಹೇಳಿದ್ದಳು. ಆದರೆ ಅವರು ಸತ್ತದ್ದು ಆ ಬಳೆಯ ಗಾಯದಿಂದಲೇ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕುವುದು ಹೇಗೆಂದು ಯಾರೂ ನನಗೆ ಹೇಳಿಕೊಟ್ಟಿಲ್ಲ.

ಕಂಬ ತೆಗೆಸು, ಹಿತ್ತಲಿಗೆ ಕಾಲಿಡಲಾಗುತ್ತಿಲ್ಲ ಎಂದು ಅತ್ತೆ ದಿನಾ ಹೇಳತೊಡಗಿದಳು. ಪಾನಾ ಹಿಡಿದು ನಾನೇ ಬೋಲ್ಟುಗಳನ್ನು ಬಿಚ್ಚಿದೆ. ಒಂದು ನಟ್ಟು ಮಾತ್ರ ತುಕ್ಕು ಹಿಡಿದು ಕೂತಿತ್ತು; ಅಪ್ಪ ಬಂದು ಕಬ್ಬಿಣ ಕೊಯ್ಯುವ ಗರಗಸದಿಂದ ಕೊಯ್ದ. ಮಳೆಗಾಲ ಪೂರ್ತಿ ಕಳೆದಿದ್ದರೂ ಕಂಬಗಳ ಬುಡ ಒಣಗಿ ಶುಭ್ರವಾಗಿತ್ತು. ಅಪ್ಪ ಅದರ ಮೇಲೆ ಕೈಯಾಡಿಸಿ, ‘ಅಂವಾ ಹೇಳಿದ್ದು ಬರೋಬ್ಬರಿ ಇತ್ತು’ ಎಂದ. ತೊಲೆಗಳನ್ನು ಕಲ್ಲೂರಿಗೆ ಒಯ್ದ. ನೆಲದ ಮೇಲೆ ಎದ್ದಿದ್ದ ಕಬ್ಬಿಣದ ಪಟ್ಟಿಗಳನ್ನು ವೆಲ್ಡಿಂಗಿನವನನ್ನು ಕರೆಸಿ ಮಟ್ಟಸವಾಗಿ ಕೊಯ್ಯಿಸಿದೆ.

ಅಂದು ಸಂಜೆ ಅತ್ತೆ ಹಿತ್ತಲ ಹೊಸ್ತಿಲ ಮೇಲೆ ಬಂದು ಕೂತಳು. ನಾನು ಪಾತ್ರೆ ತೊಳೆಯುತ್ತಿದ್ದೆ. ನನ್ನ ಮುಖ ನೋಡದೆ ಕೇಳಿದಳು:

‘ಅಂವಾ ನಿಂತಾಗ ನಾ ಒಂದಿನಾನೂ ಹೊರಗ ಬರಲಿಲ್ಲ. ಎಲ್ಲಿ ಬೀಳತಾನೋ ಅಂತ ಅಂಜಿ ದೇವರ ಮುಂದ ಕುಂದರತಿದ್ದೆ. ಹ್ಯಾಂಗ ನಿಂದರತಿದ್ದ, ಹೇಳು.’

ನಾನು ಕೈ ಒರೆಸಿಕೊಂಡು ಆಕೆಯ ಪಕ್ಕ ಕೂತೆ. ಹೇಳಿದೆ. ತೋಳಿನ ನರ ಉಬ್ಬಿದ್ದು, ಗಲ್ಲ ಮೇಲೆತ್ತಿ ಕಾಂಪೌಂಡಿನ ಆಚೆ ನೋಡಿದ್ದು, ಹೆಜ್ಜೆ ಜಾರಿಸುವಾಗ ನಾಲಿಗೆಯ ತುದಿ ಕಚ್ಚಿಕೊಳ್ಳುತ್ತಿದ್ದದ್ದು. ‘ಸಣ್ಣಾಂವ ಇದ್ದಾಗೂ ಹಂಗೇ ಕಚ್ಚತಿದ್ದ’ ಎಂದಳು. ಇನ್ನೂ ಹೇಳು ಎಂದಳು. ನನಗೆ ನೆನಪಿದ್ದದ್ದೆಲ್ಲ ಮುಗಿಯುವವರೆಗೂ ಹೇಳಿದೆ.

ನಾವಿಬ್ಬರೂ ಈಗಲೂ ಅದೇ ಮನೆಯಲ್ಲಿದ್ದೇವೆ. ನಾನು ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಬಸ್ಸಿಗೆ ಹೋಗುತ್ತೇನೆ, ಆಕೆ ಪಲ್ಯ ಮಾಡಿಕೊಳ್ಳುತ್ತಾಳೆ. ಅಂದು ಹೆಂಗಸರ ನಡುವೆ ಆಡಿದ ಮಾತನ್ನು ಆಕೆ ಹಿಂತೆಗೆದುಕೊಂಡಿಲ್ಲ. ಮತ್ತೆ ಆಡಿಯೂ ಇಲ್ಲ. ಕೆಲವೊಮ್ಮೆ ನಾನು ಊಟಕ್ಕೆ ಬಡಿಸುವಾಗ ಆಕೆ ತಲೆಯೆತ್ತಿ ನನ್ನನ್ನು ನೋಡುತ್ತಾಳೆ. ಏನೋ ಹೇಳುತ್ತಾಳೆಂದು ಕಾಯುತ್ತೇನೆ. ಆಕೆ ತಟ್ಟೆ ಮುಂದೆ ಸರಿಸಿ, ‘ಸಾರು ಹಾಕು’ ಎನ್ನುತ್ತಾಳೆ.